ಗುರುವಾರ ಕೌಂಟರ್ ಬಿಟ್ಟು ಬನ್ನಿ

ಮಾರಾಯ್ರೇ,

ನಾನು ಹೊರಟೆ. ಬಾಗಿಲಲ್ಲಿ ನಿಂತು ಕೈ ಬೀಸಿದೆ, ನೀವು ಮೋಟೆಲಿನ ಕೌಂಟರಿನಿಂದ ತಲೆಯೇ ಎತ್ತಲಿಲ್ಲ. ಸಿಟ್ಟು ಬಂದಿದೆ. ಆದರೂ ಓದಿ.

ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಇದೆ. ಬುಧವಾರದೊಳಗೆ ಮುಗಿಸಿ, ಯಾಕೆಂದರೆ ಗುರುವಾರ ಸಂಜೆ ನೀವು ಮನೆಯಲ್ಲಿರುವುದಿಲ್ಲ.

ಹೌದು, ಈ ಚೀಟಿಯ ಕೆಳಗಿರುವುದು ನಿಮ್ಮದೇ ವಿಮಾನದ ಟಿಕೆಟ್. ನೆವಾರ್ಕಿನಿಂದ ಇಟಲಿಯ ನೇಪಲ್ಸಿಗೆ. ಬಾಯಲ್ಲಿ ಹೇಳಿದರೆ ಬೇಡ ಅನ್ನುತ್ತೀರಿ, ಅದಕ್ಕೇ ಬರೆದಿಟ್ಟೆ. ಅಲ್ಲಿ ನನ್ನ ಕಾನ್ಫರೆನ್ಸ್ ಗುರುವಾರ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ ನೀವು ಬಂದಿಳಿದ ಕೂಡಲೇ ದೋಣಿಯಲ್ಲಿ ಪ್ರೊಚೀದಾ ದ್ವೀಪಕ್ಕೆ ಹೋಗಿ, ಹೊಟ್ಟೆ ತುಂಬ ಮೀನು ತಿಂದು ಸಂಜೆಗೆ ವಾಪಸ್. ಶನಿವಾರ ರೈಲಿನಲ್ಲಿ ಪಾಂಪೇ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಊರು. ಅಲ್ಲಿ ಎರಡು ಸಾವಿರ ವರ್ಷದ ಹಿಂದಿನ ಹೋಟೆಲಿನ ಕೌಂಟರ್ ಇನ್ನೂ ಹಾಗೇ ಇದೆಯಂತೆ, ಕಾಯುವವರು ಯಾರೂ ಇಲ್ಲದೆ! ನೀವು ಅದನ್ನು ನೋಡಲೇಬೇಕು. ನನಗಂತೂ ಈಗಲೇ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

"ಇಲ್ಲಿ ಯಾರು ಕೂರುವುದು?" ಅಂತ ಶುರು ಮಾಡಬೇಡಿ. ನನ್ನ ತಮ್ಮ ಪೃಥ್ವಿ ಗುರುವಾರ ಮಧ್ಯಾಹ್ನವೇ ಫ್ಲೋರಲ್ ಪಾರ್ಕ್ ಊರಿನಿಂದ ಬರುತ್ತಾನೆ. ಮೋಟೆಲಿನ ಕೆಲಸವೆಲ್ಲ ಅವನಿಗೆ ಗೊತ್ತು, ಬಿಸಿನೀರಿನ ಬಾಯ್ಲರಿನ ಪಾಠ ಬೇಡ.

ಇಪ್ಪತ್ತೆರಡು ವರ್ಷ ಹೀಗೇ ಆಯಿತು. ಊರಿನ ಮದುವೆಗಳಿಗೆ ನಾನು ಹೋದೆ, ಸಾವುಗಳಿಗೆ ನೀವು ಹೋದಿರಿ, ಇಬ್ಬರಲ್ಲಿ ಹೋಗದೆ ಉಳಿದವರು ಕೌಂಟರಿನಲ್ಲಿ. ಮಗಳ ಗ್ರ್ಯಾಜುಯೇಶನ್ ಫೋಟೊದಲ್ಲೂ ನೀವಿಲ್ಲ. ನನಗೆ ಸಾಕಾಗಿದೆ.

ಪಾಸ್‌ಪೋರ್ಟ್ ಟಿವಿಯ ಪಕ್ಕದಲ್ಲಿದೆ. ನೀಲಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ, ದೋಣಿಯ ದಿನ ಅದನ್ನೇ ಹಾಕಿ. ಯಾರಾದರೂ ಅಪರಿಚಿತರ ಕೈಗೆ ಫೋನ್ ಕೊಟ್ಟು ನಮ್ಮಿಬ್ಬರ ಫೋಟೊ ತೆಗೆಸುತ್ತೇನೆ.

ತಲೆ ಬಾಚಿಕೊಂಡು ಬನ್ನಿ.

ಜಲಜಾ