ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಮಂಗಳವಾರ, ಅಂಗಡಿಯಿಂದ

ಪ್ರೀತಿಯ ಪುಟ್ಟಿ,

ಅಜ್ಜಿಯಾದವಳನ್ನು ಪುಟ್ಟಿ ಎನ್ನಬೇಡ ಎಂದು ನೀನು ಮೂತಿ ತಿರುಗಿಸಿದರೂ ನಾನಿರುವ ತನಕ ನಿನಗೆ ಬೇರೆ ಹೆಸರಿಲ್ಲ. ಇನ್ನೂ ಬಹಳ ಕಾಲ ಇರುವ ಅಂದಾಜಿದೆ. ಶ್ವಾಸಕೋಶದ ಗಡ್ಡೆ ಕುಗ್ಗಿದೆ ಎಂದು ಡಾಕ್ಟರಮ್ಮ ಚಿತ್ರ ತೋರಿಸಿದರು. ಫೋನು ಕೆಟ್ಟಿರುವುದರಿಂದ ಈ ಪತ್ರ.

ನನಗೆ ಕೊಡುವ ಔಷಧಿ ಗಡ್ಡೆಯನ್ನು ತಾನೇ ಕೊಲ್ಲುವುದಿಲ್ಲವಂತೆ. ಮೈಯೊಳಗಿನ ಕಾವಲುಗಾರರನ್ನು ಎಬ್ಬಿಸಿ ಬಿಡುತ್ತದಂತೆ. ಅವರು ಎದ್ದರು. ಆಮೇಲೆ ನನ್ನ ಮೈ ತುಂಬತೊಡಗಿತು. ಈ ಕಾಯಿಲೆಯವರು ಸೊರಗುವುದನ್ನಷ್ಟೇ ಕಂಡಿದ್ದ ನಾವು ಹಿಗ್ಗಿದೆವು. ‘ಅಕ್ಕಾ, ಗೆದ್ಬಿಟ್ರಿ ಕಣ್ರೀ!’ ಎಂದು ನಮ್ಮ ಕಾಜಾ ಹಾಕುವವಳು ಸೂಜಿ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು.

ಅಪ್ಪ ಕಲಿಸಿದಂತೆ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುವವಳಲ್ಲವೇ ನಾನು? ಬಿಚ್ಚಿ ಬಿಚ್ಚಿ ಅಂಗಿಗಳನ್ನು ಸಡಿಲ ಮಾಡಿಕೊಂಡೆ. ಎಲ್ಲರೂ ಬೆವರುವಾಗ ನನಗೆ ಉಣ್ಣೆಯ ಕೋಟು. ಕತ್ತರಿ ಹಿಡಿದ ಕೈ ನಿಧಾನವಾಯಿತು. ವಯಸ್ಸು ಎಂದುಕೊಂಡೆ. ವಯಸ್ಸೆಂಬುದು ಒಳ್ಳೆಯ ಗೋಣಿಚೀಲ. ಏನು ತುರುಕಿದರೂ ಹಿಡಿಸುತ್ತದೆ.

ಇದು ಪೂರ್ತಿ ನಿಜವಲ್ಲ. ಅನುಮಾನವಿತ್ತು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಇದೇ ಔಷಧಿ ಹಾಕಿಸಿಕೊಳ್ಳುತ್ತಿದ್ದ ಮೇಷ್ಟ್ರಿಗೆ ಭೇದಿ ಹತ್ತಿಕೊಂಡಾಗ ಔಷಧಿ ನಿಲ್ಲಿಸಿಬಿಟ್ಟಿದ್ದರು. ಹೇಳಿದರೆ ನನ್ನದನ್ನೂ ನಿಲ್ಲಿಸುತ್ತಾರೆ ಎಂದು, ಹೇಗಿದ್ದೀರಿ ಎಂದಾಗಲೆಲ್ಲ ತಲೆಯಾಡಿಸಿ ನಕ್ಕೆ. ರಕ್ತಪರೀಕ್ಷೆಯನ್ನೂ ಕೆಲಸದ ನೆಪ ಹೇಳಿ ಮುಂದೂಡಿದೆ.

ಹೋದ ತಿಂಗಳು ಮತ್ತೊಮ್ಮೆ ಅಂಗಿ ಬಿಚ್ಚಲು ಕೂತರೆ ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಅಂಚನ್ನು ಬೆರಳಲ್ಲಿ ಸವರಿ ನೋಡಿದೆ. ಗಿರಾಕಿಯೊಬ್ಬರು ಹೀಗೆ ಉಬ್ಬಿದ್ದರೆ ಏನಾಯಿತೆಂದು ಕೇಳದೆ ಟೇಪು ಹಿಡಿಯುತ್ತಿದ್ದೆನೆ? ಅದೇ ಅಂಗಿ ಮಡಚಿಕೊಂಡು ಆಸ್ಪತ್ರೆಗೆ ಹೋದೆ.

ಕಾವಲುಗಾರರು ಗಂಟಲ ಬಳಿಯ ಥೈರಾಯ್ಡ್ ಗ್ರಂಥಿಯನ್ನೂ ಕಳ್ಳನೆಂದು ಬಡಿದಿದ್ದಾರಂತೆ; ಮೈ ಉಬ್ಬಿದ್ದು, ಚಳಿ, ಕೈ ನಿಧಾನವಾದದ್ದು ಎಲ್ಲ ಅದರಿಂದಲೇ ಅಂತೆ. ‘ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?’ ಎಂದು ಡಾಕ್ಟರಮ್ಮ ಗದರಿದರು. ಔಷಧಿ ನಿಲ್ಲಿಸುತ್ತೀರಾ ಎಂದೆ. ‘ಇದಕ್ಕೆಲ್ಲ ನಿಲ್ಲಿಸಲ್ಲ. ಬೆಳಿಗ್ಗೆ ಎದ್ದ ತಕ್ಷಣ ಒಂದು ಮಾತ್ರೆ, ಅಷ್ಟೆ. ಸುಮ್ನೇ ಇದ್ದಿದ್ರೆ ಒಂದಿನ ಎಚ್ಚರ ತಪ್ಪಿ ಬೀಳ್ತಿದ್ರಿ, ಆಗ ನಿಲ್ಲಿಸಲೇಬೇಕಾಗ್ತಿತ್ತು. ವಯಸ್ಸಾದೋರದ್ದೆಲ್ಲ ಇದೇ ಕಥೆ. ಎಲ್ಲಾನೂ ನುಂಗ್ಕೊಂಡು ಕೂತಿರ್ತೀರಿ.’

ಮನೆಯವರನ್ನೇ ಗುರುತಿಸದ ಕಾವಲಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎಬ್ಬಿಸಿದವರು ನಾವೇ.

ಮಾತ್ರೆ ಶುರುವಾಗಿದೆ. ಕೋಟು ಮೊಳೆಗೆ ಏರಿದೆ, ಕತ್ತರಿ ಮತ್ತೆ ಹೇಳಿದ ಮಾತು ಕೇಳುತ್ತಿದೆ. ನನಗೊಂದು ಹೊಸ ಅಂಗಿ ಕತ್ತರಿಸಿದ್ದೇನೆ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು. ಮೈ ಇಳಿದು ಹಿಡಿಯಬೇಕಾಗಿ ಬಂದರೆ ಹಿಡಿದು ಹೊಲಿದರಾಯಿತು.

ನಿನ್ನ
ಅಕ್ಕ

ಮರೆತಿದ್ದೆ: ಫೋನು ಕೆಟ್ಟಿಲ್ಲ. ಕೆಟ್ಟಿದ್ದು ನನ್ನ ದನಿ. ಈ ಗ್ರಂಥಿಯ ದೆಸೆಯಿಂದ ಅದು ಒಡೆದು ಗೊಗ್ಗರಾಗಿತ್ತು. ಕೇಳಿದ್ದರೆ ನೀನು ಅಳುತ್ತ ಮುಂದಿನ ಬಸ್ಸು ಹತ್ತುತ್ತಿದ್ದೆ. ಇನ್ನೂ ಪೂರ್ತಿ ಸರಿಹೋಗಿಲ್ಲ. ಆದರೂ ಭಾನುವಾರ ಎಂದಿನಂತೆ ಫೋನ್ ಮಾಡು, ಎತ್ತುತ್ತೇನೆ. ಯಾರೋ ಗಂಡಸು ಮಾತಾಡಿದ ಹಾಗನ್ನಿಸಿದರೆ ಇಟ್ಟುಬಿಡಬೇಡ ಕಣೇ, ನಾನೇ.