ಕಂಪಾಲಾಕ್ಕೆ ಹೋಗಬೇಕು, ಅಕ್ಕಾ

ಪ್ರೀತಿಯ ಕಲಾವತಿ ಅಕ್ಕಾ,

ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಕಂಪಾಲಾದ ಟಿಕೆಟ್ ನೋಡಿದೆ, ಮೂರು ಸಲವೂ ಫೋನ್ ಮಗುಚಿಟ್ಟೆ. ತರಕಾರಿಗೆಂದು ಹೊರಟವಳು ಮೈಲಾಪೂರಿನ ದೇವಸ್ಥಾನದ ಕೆರೆಗೆ ಎರಡು ಸುತ್ತು ಹಾಕಿ ಬರಿಗೈಯಲ್ಲಿ ಬಂದೆ. ಮೊಮ್ಮಗಳು ಮಧುರಾ ನಕ್ಕು, "ಅಂಗ ಯಾರ್ ಇರುಕ್ಕಾ ಪಾಟಿ ಉಂಗಳುಕ್ಕು?" ಎಂದಳು. ಅಲ್ಲಿ ನನಗೆ ಯಾರಿದ್ದಾರೆ? ಅವಳಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಕಳೆದ ವಾರ ಗಿಂಡಿಗೆ ಹೋಗಿ ಹಳದಿ ಜ್ವರದ ಇಂಜೆಕ್ಷನ್ನೂ ಚುಚ್ಚಿಸಿಕೊಂಡೆ. ಅರವತ್ತು ದಾಟಿದ ಮೇಲೆ ಇದೆಲ್ಲ ಬೇಕಾ ಎಂದು ಡಾಕ್ಟರ್ ಹುಬ್ಬೇರಿಸಿದರು. ನೀನಂತೂ ಫೋನಿನಲ್ಲೇ ರೇಗಿದೆ: "ಓಡ್ಸಿದ ಊರಿಂಗೆ ಎಂತಕೆ ಹೋವ್ತೆ ನೀನು?"

ಓಡಿಸಿದ್ದು ನಿಜ. ಎಪ್ಪತ್ತೆರಡರಲ್ಲಿ ಆ ಸರ್ವಾಧಿಕಾರಿ ಉಗಾಂಡಾದ ಭಾರತೀಯರಿಗೆ ದೇಶ ಬಿಡಲು ತೊಂಬತ್ತು ದಿನ ಕೊಟ್ಟ. ಅಪ್ಪನ ರೈಲ್ವೆ ಕೆಲಸ, ನಿನ್ನ ಹಾರ್ಮೋನಿಯಂ ಎಲ್ಲ ಕಂಪಾಲಾದಲ್ಲೇ ಹೋಯಿತು. ದಾರಿಯಲ್ಲಿ ಸಿಪಾಯಿಗಳು ಅಬ್ಬೆಯ ಬಳೆ ಬಿಚ್ಚಿಸಿದ ಕತೆಯನ್ನು ಮದುವೆ ಮುಂಜಿಗಳಲ್ಲಿ ಎಷ್ಟು ಸಲ ಹೇಳಿಲ್ಲ! ಅದಕ್ಕೂ ಮೊದಲಿನದನ್ನು ಮಾತ್ರ ನಾವು ಹೇಳುವುದಿಲ್ಲ. ಮೇಲೆ ಬ್ರಿಟಿಷರು, ನಡುವೆ ನಾವು, ಆ ನೆಲದವರೇ ನಮ್ಮ ಹಿತ್ತಿಲ ಬಾಗಿಲಲ್ಲಿ.

ನಮ್ಮಿಬ್ಬರನ್ನೂ ಎತ್ತಿ ಆಡಿಸಿದ ಕೆಲಸದ ನಕಾಟೋ ನಮ್ಮ ಮನೆಮಾತನ್ನೆಲ್ಲ ಕಲಿತಿದ್ದಳು. ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅವಳ ಮಡಿಲಿಂದ ಇಳಿದರೆ ನಮಗೆ ಸ್ನಾನವಾಗಿಯೇ ಊಟ. ಹೊರಡುವ ದಿನ ಕಾರು ಬಂದು ನಿಂತಾಗ ಅವಳು ನನ್ನನ್ನು ಬಾಚಿ ತಬ್ಬಿಕೊಂಡು ಅತ್ತಳು. ಅಬ್ಬೆ ಕೂಡ ಅವತ್ತು ಮಡಿ ಮರೆತು ಅವಳ ಭುಜ ಹಿಡಿದುಕೊಂಡಿದ್ದಳು, ಅಕ್ಕಾ. ಎಂಟು ವರ್ಷದ ನಾನೇ ಕೊಸರಿಕೊಂಡು ಕೂಗಿದೆ: "ಅಬ್ಬೇ, ಇದು ಎನ್ನ ಮುಟ್ಟಿತ್ತು, ಆನು ಮೀಯೆಕ್ಕು!" ನೀನು ನನ್ನನ್ನು ಒಳಗೆಳೆದು ಎರಡು ಚೊಂಬು ನೀರು ಹೊಯ್ದೆ. ಹೊರಬಂದಾಗ ನಕಾಟೋ ಇರಲಿಲ್ಲ. ನಾನು ಕೂಗಿದ್ದು ಅವಳಿಗೆ ಪೂರ್ತಿ ಅರ್ಥವಾಗಿತ್ತು.

ಮನೆ ನೋಡಿ ಅಳಲಿಕ್ಕೆ ಹೋಗುತ್ತಿಲ್ಲ. ಇದ್ದರೆ ಅವಳಿಗೀಗ ಎಂಬತ್ತರ ಹತ್ತಿರ. ಎಲ್ಲಿ ಹುಡುಕಲಿ? ಅಲ್ಲಿ ಅವಳಿ ಹೆಣ್ಣುಮಕ್ಕಳಲ್ಲಿ ಕಿರಿಯವಳಿಗೆಲ್ಲ ನಕಾಟೋ ಎನ್ನುತ್ತಾರಂತೆ. ಅವಳ ಇನ್ನೊಂದು ಹೆಸರನ್ನು ನಾವು ಯಾರೂ ಕೇಳಿರಲೇ ಇಲ್ಲ. ನಾಚಿಕೆಯಾಗುತ್ತದೆ.

ಆದರೂ ಹೊರಡುತ್ತೇನೆ. ಸಿಕ್ಕಿದರೆ ಹತ್ತಿರ ಹೋಗಿ ನಿಲ್ಲುತ್ತೇನೆ. ಮುಟ್ಟುವುದೋ ಬಿಡುವುದೋ ಈ ಸಲ ಅವಳಿಗೆ ಸೇರಿದ್ದು.

ನಿನ್ನ ಮಂಡಿನೋವು ಇಳಿಯಲಿ, ನೀನು ತಣ್ಣಗಿರು. ಬೈಯುವುದನ್ನು ಬಂದ ಮೇಲೆ ಬೈಯಿ. ಈಗ ಹೋಗಿ ಬಾ ಅನ್ನು.

ನಿನ್ನ ತಂಗಿ,
ಚಂದ್ರಮತಿ