ಅಂಗಡಿ ಮುಂದಿನ ಗಾಡಿ ಬೋರ್ಡು

ಸೋಲಾಪುರ, ೧೪ ಅಕ್ಟೋಬರ್ ೨೦೨೫, ಮಂಗಳವಾರ

ಬೋರ್ಡು ಕಿತ್ತಿ ಒಳಗಿಟ್ಟೀನಿ, ಆದ್ರೂ ಕಣ್ಣ ಮುಂದಿಂದ ಹೋಗವಲ್ದು.

ಸ್ಟೇಶನ್ ಎದುರಿಗಿನ ನಮ್ಮ ಚಾದರ ಅಂಗಡಿಗಿ ಬಂದವರೆಲ್ಲ ರೈಲು ಗಾಡಿ ಕೇಳತಾರಂತ ನಾನೇ ಕನ್ನಡದಾಗ ಬರದಿದ್ದೆ. ಒಂದೊಂದು ಗಾಡಿ ಹೆಸರಿನ ಕೆಳಗ ಅದರ ಹಾದಿಮ್ಯಾಗಿನ ಊರೆಲ್ಲ ಹಾಕಿದ್ದೆ. ಎಲ್ಲಿ ನಿಲ್ತದ, ಎಲ್ಲಿ ನಿಲ್ಲೂದಿಲ್ಲ, ಅದು ತಲಿಗೇ ಬರಲಿಲ್ಲ.

ಮೈಂದರ್ಗಿಯೊಳಗ ತನ್ನ ಅಣ್ಣ ತೀರಿದ ಸುದ್ದಿ ಬಂದ ದಿನ ನಮ್ಮ ಓಣಿ ಕಸ್ತೂರಬಾಯಿ ಅದನ್ನೇ ಓದಿ ಎಕ್ಸ್‌ಪ್ರೆಸ್ ಹತ್ಯಾಳ. ಆಕಿ ಇಳೀಬೇಕಾದ ಅಕ್ಕಲಕೋಟ ರೋಡ್ ಸ್ಟೇಶನ್, ಗಾಡಿ ನಿಲ್ಲದ, ಕಿಟಕ್ಯಾಗೇ ಹಾದು ಹೋಗ್ಯದ. ಕಲಬುರಗ್ಯಾಗ ಇಳದು ತಿರುಗಿ ಬರೂದ್ರಾಗ ಅಣ್ಣನ ಮಣ್ಣು ಮುಗದಿತ್ತು.

ಇವತ್ತ ಅಂಗಡಿಗಿ ಬಂದ್ಲು. ಬೈದಿದ್ರ ಛಲೋ ಇತ್ತು.

"ಅಣ್ಣಾರ, ನಿಮ್ಮ ಅಕ್ಷರ ಭಾಳ ಚಂದ ಅದಾವರಿ," ಅಂದ್ಲು. "ಅದಕ್ಕೇ ನಾ ಯಾರನ್ನೂ ಕೇಳಲಿಲ್ಲ."